ಬೋರ್‌ವೆಲ್ ಎಂಬ ಸಮಾಸ

ಇಂಗ್ಲಿಷಿನಿಂದ ನಮ್ಮ ಭಾಷೆಗೆ ಬಂದ ಮಾತುಗಳಲ್ಲಿ ಎರಡು ಬಗೆ. ಕೆಲವು ಪೇಟೆಯಲ್ಲಿ ಇಳಿದು ಪೇಟೆಯಲ್ಲಿಯೇ ಉಳಿದವು. ಅವನ್ನು ಆಡುವವರಿಗೆ ತಾವು ಪರಭಾಷೆಯ ಮಾತನ್ನು ಆಡುತ್ತಿದ್ದೇವೆಂಬ ಅರಿವೂ, ಒಮ್ಮೊಮ್ಮೆ ಕೊಂಚ ಜಂಬವೂ ಇರುತ್ತದೆ. ಇನ್ನು ಕೆಲವು ಬಸ್ಸು ಹತ್ತಿ ಹಳ್ಳಿಗೆ ಹೋಗಿ, ಅಲ್ಲಿ ಮನೆ ಕಟ್ಟಿಕೊಂಡು, ಊರವರೇ ಆಗಿಬಿಟ್ಟಿವೆ. 'ಬೋರ್‌ವೆಲ್' ಈ ಎರಡನೆಯ ಬಗೆಯದು. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸುತ್ತಮುತ್ತ, ಕನ್ನಡವನ್ನೂ ತೆಲುಗನ್ನೂ ಒಂದೇ ಉಸಿರಿನಲ್ಲಿ ಆಡುವ ನಮ್ಮ ಸೀಮೆಯಲ್ಲಿ, ಇಂಗ್ಲಿಷಿನ ಒಂದಕ್ಷರವನ್ನೂ ಕಾಣದ ಅಜ್ಜಿಯ ಬಾಯಲ್ಲಿಯೂ ಈ ಮಾತು ಉಂಟು. ಹೆಣ್ಣು ಕೊಡುವವರು ಗಂಡಿನ ಮನೆಯ ವಿಷಯವಾಗಿ ಕೇಳುವ ಮೊದಲ ಪ್ರಶ್ನೆಗಳಲ್ಲಿ "ಬೋರು ಐತಾ? ನೀರು ಎಷ್ಟು ಇಂಚು?" ಎಂಬುದೂ ಒಂದು.

ಇಷ್ಟು ಬಳಕೆಯ ಮಾತನ್ನು ಹಿಡಿದು ವಿಚಾರ ಮಾಡುವುದಕ್ಕೆ ಏನಿದೆ ಎಂದು ಓದುಗರು ಕೇಳಬಹುದು. ವ್ಯಾಕರಣ ಪಾಠ ಹೇಳುವವರಿಗೆ ಒಂದು ದುರಭ್ಯಾಸವಿರುತ್ತದೆ. ಎರಡು ಪದ ಕೂಡಿದ್ದನ್ನು ಕಂಡರೆ ಬಿಡಿಸಿ ನೋಡದೆ ಸುಮ್ಮನಿರಲಾರರು. ನಾನೂ ಹಾಗೆಯೇ ಬಿಡಿಸಿದೆ. ಬಿಡಿಸಿದ ಮೇಲೆ ಅದರೊಳಗೆ ವ್ಯಾಕರಣಕ್ಕಿಂತ ದೊಡ್ಡದೊಂದು ಪ್ರಶ್ನೆ ಕಾಣಿಸಿತು.

ನಮ್ಮ ವ್ಯಾಕರಣದ ಲೆಕ್ಕದಲ್ಲಿ ಇದು 'ಕೊರೆದ ಬಾವಿ'; ಎಂದರೆ ಗಮಕ ಸಮಾಸ. 'ಹುರಿಗಡಲೆ' ಎಂಬುದು ತರಗತಿಯಲ್ಲಿ ನಾವು ಕೊಡುವ ಉದಾಹರಣೆ. ಇಂಥ ಸಮಾಸದಲ್ಲಿ ಪ್ರಾಧಾನ್ಯ ಎರಡನೆಯ ಪದಕ್ಕೆ. ಹುರಿದರೂ ಕಡಲೆ ಕಡಲೆಯೇ. ಹಾಗಾದರೆ, ಕೊರೆದರೂ ಬಾವಿ ಬಾವಿಯೇ ಅಲ್ಲವೆ? ಸಮಾಸವೇನೋ ಹೌದೆನ್ನುತ್ತದೆ. ಆದರೆ ನಮ್ಮ ಜನ ಏನು ಮಾಡಿದ್ದಾರೆ ನೋಡಿ: ಎರಡನೆಯ ಪದವನ್ನು, ಪ್ರಧಾನವಾದ ಪದವನ್ನು, ಕೈಬಿಟ್ಟಿದ್ದಾರೆ. ಅವರು 'ಬೋರು' ಎನ್ನುತ್ತಾರೆ. ಬೋರು ಹಾಕಿಸಿದೆ, ಬೋರು ಬಂತು, ಬೋರು ಹೋಯಿತು. 'ವೆಲ್' ಎಂದು ಯಾರೂ ಹೇಳುವುದಿಲ್ಲ. ಕೊರೆತ ಉಳಿಯಿತು, ಬಾವಿ ಉದುರಿಹೋಯಿತು. ನಿಘಂಟಿಗಿಂತ ನಾಲಗೆಯೇ ಸತ್ಯಕ್ಕೆ ಹೆಚ್ಚು ಹತ್ತಿರದಲ್ಲಿತ್ತೆಂದು ನನಗೆ ತೋರುತ್ತದೆ.

ಪದಗಳ ಮೂಲಕ್ಕೆ ಹೋದರೆ ಸಂಗತಿ ಇನ್ನೂ ಸ್ವಾರಸ್ಯವಾಗುತ್ತದೆ. 'ವೆಲ್' ಎಂಬುದು ಹಳೆಯ ಇಂಗ್ಲಿಷಿನಲ್ಲಿ ಉಕ್ಕುವುದು, ಕುದಿದು ಮೇಲೇಳುವುದು ಎಂಬ ಅರ್ಥದ ಧಾತುವಿನಿಂದ ಬಂದುದು. ಮೊದಲು ಅದು ತೋಡಿದ ಬಾವಿಗೆ ಹೆಸರಲ್ಲ, ತಾನಾಗಿ ಚಿಮ್ಮುವ ಬುಗ್ಗೆಗೆ ಹೆಸರು. ನೀರು ತಾನೇ ಬರುವುದು, ಬಂದಷ್ಟನ್ನು ಮನುಷ್ಯ ಕೊಳ್ಳುವುದು ಎಂಬ ಭಾವ ಅದರ ಬೇರಿನಲ್ಲಿದೆ. 'ಬೋರ್' ಎಂಬುದು ಅದಕ್ಕೆ ವಿರುದ್ಧ: ತೂತು ಕೊರೆ, ಒಳಹೊಗು. ಒಂದು ಕೊಡುವವರ ಮಾತು, ಇನ್ನೊಂದು ತೆಗೆಯುವವರ ಮಾತು. ಫ್ರಾನ್ಸಿನ ಆರ್ತ್ವಾ ಎಂಬ ಸೀಮೆಯಲ್ಲಿ ಈ ಎರಡೂ ನಿಜವಾಗಿಯೇ ಕೂಡಿದ್ದವು. ಅಲ್ಲಿ ಹನ್ನೆರಡನೆಯ ಶತಮಾನದಿಂದಲೂ ಕೊರೆದ ಬಾವಿಗಳಲ್ಲಿ ನೀರು ತನ್ನ ಒತ್ತಡದಿಂದಲೇ ಮೇಲಕ್ಕೆ ಬಂದು ಹರಿಯುತ್ತಿತ್ತು. 'ಆರ್ಟೀಸಿಯನ್' ಎಂಬ ಹೆಸರು ಬಂದದ್ದು ಆ ಊರಿನಿಂದಲೇ. ಕೊರೆದದ್ದೂ ನಿಜ, ಉಕ್ಕಿದ್ದೂ ನಿಜ.

ಇಂಗ್ಲೆಂಡಿನವರು ನಮ್ಮ ಈ ವಸ್ತುವನ್ನು 'ಬೋರ್‌ಹೋಲ್' ಎನ್ನುತ್ತಾರೆ, ಎಂದರೆ ಕೊರೆದ ತೂತು. ಉತ್ತರ ಹಿಂದೂಸ್ಥಾನದಲ್ಲಿ 'ಟ್ಯೂಬ್‌ವೆಲ್' ಎಂಬ ಮಾತು ಹೆಚ್ಚು. ಗಂಗೆಯ ಮೆಕ್ಕಲು ಮಣ್ಣಿನಲ್ಲಿ ತೋಡಿದ ತೂತು ಕುಸಿಯುವುದರಿಂದ ಆಳದವರೆಗೂ ಕೊಳವೆ ಇಳಿಸಲೇಬೇಕು. ನಮ್ಮ ಸರ್ಕಾರಿ ಕಾಗದಪತ್ರಗಳ 'ಕೊಳವೆ ಬಾವಿ' ಈ ಟ್ಯೂಬ್‌ವೆಲ್ಲಿನ ಭಾಷಾಂತರ. ಆದರೆ ನಮ್ಮ ಸೀಮೆಯ ಬೋರಿನಲ್ಲಿ ಕೊಳವೆ ಇರುವುದು ಮೇಲಿನ ಮಣ್ಣಿನ ಪದರದಲ್ಲಿ ಮಾತ್ರ. ಅದಕ್ಕೆ ಕೇಸಿಂಗ್ ಎನ್ನುತ್ತಾರೆ. ಅದರ ಕೆಳಗೆ ನೂರಾರು ಅಡಿ ಬರಿಯ ಕಲ್ಲಿನ ತೂತು. ಹೀಗೆ 'ಕೊಳವೆ ಬಾವಿ'ಯಲ್ಲಿ ಕೊಳವೆಯೂ ಪೂರ್ತಿಯಾಗಿಲ್ಲ, ಬಾವಿಯೂ ಪೂರ್ತಿಯಾಗಿಲ್ಲ.

ಇಷ್ಟೇ ಆಗಿದ್ದರೆ ಇದು ಪದಗಳ ಆಟವೆಂದು ನಕ್ಕು ಬಿಡಬಹುದಾಗಿತ್ತು. ಆದರೆ ಒಂದು ವಸ್ತುವನ್ನು ಬಾವಿಯೆಂದು ಕರೆದ ಕೂಡಲೇ ಬಾವಿಗೆ ಸಲ್ಲುತ್ತಿದ್ದ ಗೌರವವನ್ನೂ ಅದಕ್ಕೆ ಸಲ್ಲಿಸಿಬಿಡುತ್ತೇವೆ. ನಮ್ಮ ಹಿರಿಯರು ಬಾವಿ ತೋಡಿಸುವುದನ್ನೂ ಕೆರೆ ಕಟ್ಟಿಸುವುದನ್ನೂ 'ಪೂರ್ತ'ವೆಂಬ ಧರ್ಮಕಾರ್ಯಗಳಲ್ಲಿ ಸೇರಿಸಿದ್ದರು. ಸಪ್ತಸಂತಾನಗಳೆಂದು ಶಾಸನಗಳು ಹೇಳುವಲ್ಲಿ ಮಗನ ಜೊತೆಗೆ, ಕಾವ್ಯದ ಜೊತೆಗೆ, ಕೆರೆಗೂ ಸ್ಥಾನವಿದೆ. ತನ್ನ ಕಾಲ ಮುಗಿದ ಮೇಲೂ ಇನ್ನೊಬ್ಬರಿಗೆ ಒದಗುವ ವಸ್ತುವೇ ಸಂತಾನ. ಬಾವಿಯ ಪುಣ್ಯ ನೀರಿನಿಂದ ಬಂದುದಲ್ಲ. ಆ ನೀರು ಇನ್ನೊಬ್ಬರನ್ನು ಮುಟ್ಟುತ್ತಿತ್ತೆಂಬುದರಿಂದ ಬಂದುದು.

ನಮ್ಮ ನೆಲದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಂದಿಬೆಟ್ಟದ ಸುತ್ತಿನ ಈ ಎತ್ತರದ ಸೀಮೆಯಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಪಾಪಾಗ್ನಿ, ಚಿತ್ರಾವತಿ ಎಂದು ಹಲವು ನದಿಗಳು ಹುಟ್ಟುತ್ತವೆ. ಹುಟ್ಟಿ ಬೇರೆ ರಾಜ್ಯಗಳಿಗೆ ಹೋಗುತ್ತವೆ. ಇಷ್ಟು ನದಿಗಳ ತವರಾದ ಈ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾದಾಗ ಹಂಚಿಕೊಳ್ಳುವುದಕ್ಕೆ ಕೆರೆಗಳಿದ್ದವು, ನದಿಯಿರಲಿಲ್ಲ. ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರಿನ ಆಸುಪಾಸು. ನೆಲದ ಕೆಳಗೆ ಗಟ್ಟಿ ಬಂಡೆ. ಮೇಲಿನ ಸವೆದ ಕಲ್ಲುಮಣ್ಣಿನ ಪದರ ಸ್ಪಂಜಿನಂತೆ ಮಳೆನೀರನ್ನು ಹಿಡಿದಿಡುತ್ತದೆ. ಅದರ ಕೆಳಗೆ ನೀರು ಇರುವುದೆಲ್ಲ ಬಂಡೆಯ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕುಗಳು ವಿರಳ.

ಹಳೆಯ ಬಾವಿ ಆ ಮೇಲಿನ ಪದರದ ಬಾವಿ. ಕಪಿಲೆಯಿಂದ ಎತ್ತುಗಳು ನೀರೆಳೆಯುತ್ತಿದ್ದವು. ಹೊತ್ತು ಏರುವಷ್ಟರಲ್ಲಿ ನೀರು ತಳ ಕಾಣುತ್ತಿತ್ತು. ಎತ್ತೂ ದಣಿಯುತ್ತಿತ್ತು, ಬಾವಿಯೂ ದಣಿಯುತ್ತಿತ್ತು. ರಾತ್ರಿಯೆಲ್ಲ ಒರತೆ ಕೂಡಿಕೊಂಡು ಬೆಳಗ್ಗೆ ಮತ್ತೆ ನೀರು ನಿಲ್ಲುತ್ತಿತ್ತು. ರೈತನಿಗೆ ಇಷ್ಟೇ ತೆಗೆ ಎಂದು ಯಾವ ಅಧಿಕಾರಿಯೂ ಬಂದು ಹೇಳಬೇಕಾಗಿರಲಿಲ್ಲ. ಬಗ್ಗಿ ನೋಡಿದರೆ ಸಾಕು, ನೀರು ಎಷ್ಟಿದೆಯೆಂಬುದು ಕಣ್ಣಿಗೆ ಕಾಣುತ್ತಿತ್ತು. ಅವನೊಬ್ಬನಿಗೇ ಅಲ್ಲ, ದಾರಿಯಲ್ಲಿ ಹೋಗುವವನಿಗೂ ಕಾಣುತ್ತಿತ್ತು. ಮಿತಿ ಎಂಬುದು ಉಪದೇಶವಾಗಿರಲಿಲ್ಲ, ನೋಟವಾಗಿತ್ತು.

ಆದರೆ ಬಾವಿಯನ್ನು ಹೊಗಳುತ್ತ ಹೋಗುವುದು ಸುಲಭ, ಮತ್ತು ಅನ್ಯಾಯ. ಆ ನೀರು ಎಲ್ಲರಿಗೂ ಕಾಣುತ್ತಿತ್ತು, ಎಲ್ಲರಿಗೂ ಸಿಕ್ಕುತ್ತಿರಲಿಲ್ಲ. ಊರ ಬಾವಿಯ ಕಟ್ಟೆಯ ಮೇಲೆ ಯಾರು ಕಾಲಿಡಬಹುದು, ಯಾರು ದೂರದಲ್ಲಿ ಕೊಡವಿಟ್ಟುಕೊಂಡು ಯಾರಾದರೂ ಸೇದಿ ಹುಯ್ದಾರೆಂದು ಕಾಯಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ನಿಯಮಗಳಿದ್ದವು. 1927ರ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ಮಹಾಡಿನ ಚೌದಾರ್ ಕೆರೆಗೆ ಹೋಗಿ ಒಂದು ಬೊಗಸೆ ನೀರು ಕುಡಿದದ್ದು ಚರಿತ್ರೆಯ ಘಟನೆಯಾಯಿತೆಂದರೆ, ಆ ಬೊಗಸೆಯ ಹಿಂದೆ ಎಷ್ಟು ಕಾಲದ ಬಾಯಾರಿಕೆಯಿತ್ತೆಂಬುದನ್ನು ಊಹಿಸಿಕೊಳ್ಳಬೇಕು. ಬಾವಿಯ ಬಳಿ ಇದ್ದ 'ನಾಲ್ಕು ಜನರ ಕಣ್ಣು' ನೀರನ್ನು ಕಾಯುವಂತೆಯೇ ಮೈಲಿಗೆಯನ್ನೂ ಕಾಯುತ್ತಿತ್ತು.

ಬೋರು ಮೊದಲು ನಮ್ಮ ಊರುಗಳಿಗೆ ಬಂದದ್ದು ರೈತನ ಮೋಟಾರಿನ ಜೊತೆಗಲ್ಲ, ಕುಡಿಯುವ ನೀರಿನ ಕೈಪಂಪಿನ ಜೊತೆಗೆ. 1960ರ ದಶಕದ ಬರಗಾಲಗಳ ತರುವಾಯ ಗಟ್ಟಿ ಬಂಡೆಯನ್ನು ಕೊರೆಯುವ ಯಂತ್ರಗಳು ದೇಶಕ್ಕೆ ಬಂದವು. 1970ರ ದಶಕದಲ್ಲಿ ಯೂನಿಸೆಫ್ ಸಂಸ್ಥೆಯ ನೆರವಿನಿಂದ 'ಇಂಡಿಯಾ ಮಾರ್ಕ್-2' ಎಂಬ ಕೈಪಂಪು ರೂಪುಗೊಂಡು ಹಳ್ಳಿಹಳ್ಳಿಗೂ ಹರಡಿತು. ಕೇರಿಯ ಮುಂದೆಯೇ ಪಂಪು ನಿಂತಾಗ ಆ ಮನೆಗಳ ಹೆಂಗಸರು ಯಾರ ಕಟ್ಟೆಯ ಬಳಿಯೂ ಕಾಯುವಂತಿರಲಿಲ್ಲ. ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಡುವ ಬಾವಿಗಳಿಂದ ಹರಡುತ್ತಿದ್ದ ನಾರುಹುಣ್ಣು ಹಿಮ್ಮೆಟ್ಟುವುದಕ್ಕೆ ಮುಚ್ಚಿದ ನೀರಿನ ಮೂಲವೂ ಒಂದು ಕಾರಣ. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇಷ್ಟು ಉಪಕಾರ ಮಾಡಿದ ವಸ್ತುವನ್ನು ಬರಿಯ ದುರಾಶೆಯ ತೂತೆಂದು ಹಳಿಯುವವರು, ಕಾಯುವ ಸಾಲಿನಲ್ಲಿ ತಾವಾಗಲಿ ತಮ್ಮವರಾಗಲಿ ಎಂದೂ ನಿಲ್ಲದವರು.

ನಮ್ಮ ಭಾಷೆಯಲ್ಲಿ 'ಹಂಗು' ಎಂಬ ಮಾತೊಂದಿದೆ. ಇನ್ನೊಬ್ಬರ ಮುಂದೆ ತಲೆ ತಗ್ಗಿಸಿ ಪಡೆದುದರ ಭಾರ ಅದು. ಬೋರು ಮಾಡಿದ ದೊಡ್ಡ ಕೆಲಸವೆಂದರೆ ನೀರನ್ನು ಹಂಗಿನಿಂದ ಬಿಡಿಸಿದ್ದು. ಕೇರಿಯವರಿಗೆ ಊರಿನ ಹಂಗು ತಪ್ಪಿತು. ರೈತನಿಗೆ ಕೆರೆಯ ತೂಬಿನ ಹಂಗು, ನೀರುಗಂಟಿಯ ಹಂಗು, ಮೇಲಿನ ಜಮೀನಿನವನ ಹಂಗು ತಪ್ಪಿತು. ನನ್ನ ನೆಲ, ನನ್ನ ಬೋರು, ನನ್ನ ಸ್ವಿಚ್ಚು. ಸ್ವತಂತ್ರ ದೇಶದಲ್ಲಿ ಬದುಕುವವನಿಗೆ ಇದಕ್ಕಿಂತ ಬೇಕೇನು?

ತೊಡಕು ಶುರುವಾದದ್ದು ಇಲ್ಲಿಯೇ. 'ಹಂಗಿ'ನ ಪಕ್ಕದಲ್ಲಿ 'ಋಣ' ಎಂಬ ಇನ್ನೊಂದು ಮಾತಿದೆ. ಎರಡೂ ಒಂದೇ ಎಂದು ಅವಸರದಲ್ಲಿ ತಿಳಿಯುತ್ತೇವೆ. ಹಂಗು ಇನ್ನೊಬ್ಬರು ನಮ್ಮ ಮೇಲೆ ಹೇರುವುದು, ಅದನ್ನು ಕಳಚಿಕೊಳ್ಳುವುದು ಮಾನವಂತನ ಲಕ್ಷಣ. ಋಣ ಯಾರೂ ಹೇರದೆಯೇ ಇರುವುದು. ನಾವು ಉಂಡದ್ದು, ಕುಡಿದದ್ದು, ಹುಟ್ಟಿ ಬಂದದ್ದು ಇನ್ನೊಬ್ಬರಿಂದ ಎಂಬ ಕಾರಣಕ್ಕೇ ಇರುವುದು. ಅದನ್ನು ತೀರಿಸಬಹುದು, ಕಳಚಲು ಬಾರದು. ಬೋರು ನಮ್ಮನ್ನು ಹಂಗಿನಿಂದ ಬಿಡಿಸಿತು; ನಾವು ಋಣದಿಂದಲೂ ಬಿಡುಗಡೆಯಾಯಿತೆಂದುಕೊಂಡೆವು. ಬಾವಿಯ ಕಟ್ಟೆಯಲ್ಲಿ ನೆರೆಯವನ ಮುಖ ಕಾಣುತ್ತಿತ್ತು, ಕೆಲವೊಮ್ಮೆ ಕ್ರೂರವಾಗಿಯೇ ಕಾಣುತ್ತಿತ್ತು. ಬೋರಿನಲ್ಲಿ ಅವನ ಮುಖವೇ ಕಾಣುವುದಿಲ್ಲ. ಆದರೆ ಬಂಡೆಯೊಳಗಿನ ಬಿರುಕು ಬದುವಿಗೆ ಬಂದು ನಿಲ್ಲುವುದಿಲ್ಲ. ನನ್ನ ಬೋರಿಗೂ ಅವನ ಬೋರಿಗೂ ಬಂದು ಸೇರುವ ನೀರು ಒಂದೇ ಇರಬಹುದು.

ಇದು ನಮ್ಮ ಮಾತಿನಲ್ಲಿಯೇ ಹೇಗೆ ಮರೆಯಾಗಿದೆಯೆಂಬುದನ್ನು ಗಮನಿಸಿ. ಚಿಂತಾಮಣಿಯಿಂದ ಹೊರಟ ಬಸ್ಸಿನಲ್ಲಿ ದಿನವೂ ಕೇಳಿಬರುವಂಥ ಸಂಭಾಷಣೆ ಇದು:

"ಏನಣ್ಣಾ, ಬೋರು ಏನಾಯ್ತು?"

"ಸಾವಿರದಿನ್ನೂರು ಅಡಿ ಹೋಯ್ತಪ್ಪಾ, ಬರೀ ಧೂಳು."

"ಹಳೇದು?"

"ಅದು ಹೋದ ವರ್ಷವೇ ಹೋಯ್ತಲ್ಲ."

ಬೋರು 'ಹೋಯಿತು', 'ಬತ್ತಿತು', 'ಫೇಲಾಯಿತು', 'ಕೈಕೊಟ್ಟಿತು'. ಈ ವಾಕ್ಯಗಳಲ್ಲಿ ಕರ್ತೃಸ್ಥಾನದಲ್ಲಿರುವುದು ಬೋರೇ. ಮನುಷ್ಯ ಎಲ್ಲಿಯೂ ಇಲ್ಲ. ಪರೀಕ್ಷೆಯಲ್ಲಿ ಹುಡುಗ ಫೇಲಾದಂತೆ ಅದು ತಾನೇ ಫೇಲಾಗುತ್ತದೆ. ನೂರು ಗಜದಾಚೆ ಇನ್ನೊಬ್ಬ ಇನ್ನೂ ಮುನ್ನೂರು ಅಡಿ ಆಳಕ್ಕೆ ಕೊರೆಸಿದ ತಿಂಗಳಲ್ಲಿಯೇ ನನ್ನ ಬೋರು ಬತ್ತಿದರೂ, 'ಅವನು ನನ್ನ ನೀರು ತೆಗೆದ' ಎಂಬ ವಾಕ್ಯ ನಮ್ಮ ಬಾಯಿಂದ ಬರುವುದಿಲ್ಲ. ಅಳೆಯುವ ಮಾತೂ ಹಾಗೆಯೇ. 'ಎರಡಿಂಚು ನೀರು' ಎಂದರೆ ಹೊರಕ್ಕೆ ಬೀಳುವ ನೀರಿನ ಅಳತೆ. ಒಳಗೆ ಉಳಿದದ್ದನ್ನು ಅಳೆಯುವ ಮಾತು ನಮ್ಮ ದಿನಬಳಕೆಯಲ್ಲಿಲ್ಲ. ನೀರು ಸಿಕ್ಕಿದರೆ ಅದೃಷ್ಟ, ಸಿಕ್ಕದಿದ್ದರೆ ಹಣೆಬರಹ, ತೋರಿಸುವವನು ತೆಂಗಿನಕಾಯಿ ಹಿಡಿದು 'ಪಾಯಿಂಟು' ಕೊಟ್ಟವನು. ಹೀಗೆ ಇಡೀ ವ್ಯವಹಾರ ದೈವದ ಖಾತೆಗೆ ಹೋಗುತ್ತದೆ. ದೈವದ ಖಾತೆಯಲ್ಲಿ ಸಾಲ ಇದೆ, ಸಾಲಗಾರನಿಲ್ಲ.

ಇದನ್ನು ಕಳವು ಎನ್ನಬಹುದೆ? ಎನ್ನಲಾಗದು. ಕಳ್ಳನಿಗೆ ತಾನು ಇನ್ನೊಬ್ಬನ ವಸ್ತುವನ್ನು ಒಯ್ಯುತ್ತಿದ್ದೇನೆಂದು ಗೊತ್ತಿರುತ್ತದೆ. ಇಲ್ಲಿ ಆಳಕ್ಕೆ ಕೊರೆಸಿದವನೂ ಒಡವೆ ಒತ್ತೆಯಿಟ್ಟು ಸಾಲ ತಂದವನೇ. ಅವನ ಮೊದಲ ಬೋರು ಬತ್ತಿದ್ದೂ ಇನ್ನೊಬ್ಬನಿಂದಲೇ ಇರಬಹುದು. ಕಳ್ಳನಿಲ್ಲ, ಆದರೆ ಕಳೆದುಕೊಂಡವನಿದ್ದಾನೆ. ತಪ್ಪು ಮಾಡುವ ಮನಸ್ಸು ಯಾರಿಗೂ ಇಲ್ಲದೆ ಎಲ್ಲರೂ ಕೂಡಿ ಮಾಡುವ ತಪ್ಪನ್ನು ನಮ್ಮ ನೀತಿಶಾಸ್ತ್ರ ಯಾವ ಹೆಸರಿನಿಂದ ಕರೆಯಬೇಕು? ಹಳೆಯ ನೀತಿಯೆಲ್ಲ ಎದುರಿಗೆ ಕಾಣುವ ಮನುಷ್ಯನ ವಿಷಯದ್ದು: ಹೊಡೆಯಬೇಡ, ಕದಿಯಬೇಡ, ಹುಸಿಯಾಡಬೇಡ. ಕಾಣದ ದಾರಿಯಲ್ಲಿ ಕಾಣದ ಮನುಷ್ಯನಿಗೆ ಆಗುವ ಕೇಡಿನ ಎದುರಿಗೆ ಅದು ತಡವರಿಸುತ್ತದೆ.

ತಡವರಿಸಿದ್ದು ನಾವೊಬ್ಬರೇ ಅಲ್ಲ, ನ್ಯಾಯಾಲಯಗಳೂ ತಡವರಿಸಿವೆ. 1843ರಲ್ಲಿ ಇಂಗ್ಲೆಂಡಿನಲ್ಲಿ ಆಕ್ಟನ್ ಮತ್ತು ಬ್ಲಂಡೆಲ್ ಎಂಬವರ ನಡುವೆ ಒಂದು ವ್ಯಾಜ್ಯ ನಡೆಯಿತು. ಒಬ್ಬನ ಹತ್ತಿ ಗಿರಣಿಗೆ ನೀರೊದಗಿಸುತ್ತಿದ್ದ ಬಾವಿ, ನೆರೆಯ ನೆಲದಲ್ಲಿ ಕಲ್ಲಿದ್ದಲಿಗಾಗಿ ಗುಂಡಿ ತೋಡಿದ್ದರಿಂದ ಬತ್ತಿಹೋಗಿತ್ತು. ನೆಲದ ಒಡೆಯ ತನ್ನ ನೆಲದ ಕೆಳಗಿನದನ್ನು ತನ್ನಿಷ್ಟದಂತೆ ತೋಡಬಹುದು, ನೆರೆಯವನ ಬಾವಿ ಬತ್ತಿದರೆ ಅದಕ್ಕೆ ಪರಿಹಾರವಿಲ್ಲ ಎಂದು ತೀರ್ಪಾಯಿತು. ಹೊಳೆಯ ನೀರಾದರೆ ಹರಿಯುವುದು ಕಾಣುತ್ತದೆ, ಮೇಲಿನವನೂ ಕೆಳಗಿನವನೂ ಅದನ್ನು ನೋಡಿಯೇ ಬಾಳುತ್ತಾರೆ. ನೆಲದೊಳಗಿನ ನೀರಿನ ದಾರಿ ಯಾರಿಗೆ ಗೊತ್ತು ಎಂಬುದು ಆ ವಿಚಾರಧಾಟಿ. ನಮ್ಮ ದೇಶದ 1882ರ ಈಸ್‌ಮೆಂಟ್ ಕಾಯಿದೆಯೂ, ಗೊತ್ತಾದ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಎಲ್ಲೆಯೊಳಗೆ ತೆಗೆದುಕೊಳ್ಳುವ ಹಕ್ಕು ನೆಲದ ಒಡೆಯನಿಗೆ ಉಂಟೆಂದಿತು. ಕಾಣದಿರುವುದೇ ಹಕ್ಕಿಗೆ ಆಧಾರವಾಯಿತು! ಎತ್ತು, ಏತ, ಕಪಿಲೆಗಳ ಕಾಲದಲ್ಲಿ ಈ ಹಕ್ಕಿನಿಂದ ದೊಡ್ಡ ಅನಾಹುತವೇನೂ ಆಗುವಂತಿರಲಿಲ್ಲ. ಎತ್ತಿನ ದಣಿವು ಕಾಯಿದೆಗಿಂತ ಗಟ್ಟಿಯಾದ ಕಟ್ಟುಪಾಡಾಗಿತ್ತು.

ದಣಿಯದ ಎತ್ತು ಬಂದ ಮೇಲೆ ಸಂಗತಿ ಬದಲಾಯಿತು. ನೀರಿನೊಳಗೆ ಮುಳುಗಿಯೇ ಕೆಲಸ ಮಾಡುವ ಸಬ್‌ಮರ್ಸಿಬಲ್ ಮೋಟಾರು ಬಂತು. ತಮಿಳುನಾಡಿನ ತಿರುಚೆಂಗೋಡಿನ ಕಡೆಯ ರಿಗ್ಗು ಲಾರಿಗಳು ಹಗಲಿರುಳು ಓಡಾಡಿದವು. 2008ರಿಂದ ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಯಿತು. ನೂರು ಇನ್ನೂರು ಅಡಿಯಲ್ಲಿ ಸಿಕ್ಕುತ್ತಿದ್ದ ನೀರಿಗೆ ಸಾವಿರ, ಸಾವಿರದೈನೂರು ಅಡಿ ಹೋಗುವಂತಾಯಿತು. ಕೇಂದ್ರ ಅಂತರ್ಜಲ ಮಂಡಳಿಯವರ ವರ್ಗೀಕರಣದಲ್ಲಿ ಈ ಸೀಮೆಯ ತಾಲ್ಲೂಕುಗಳು ಎಷ್ಟೋ ವರ್ಷಗಳಿಂದ 'ಅತಿಬಳಕೆ'ಯ ಪಟ್ಟಿಯಲ್ಲಿವೆ. ಎಂದರೆ ವರ್ಷಕ್ಕೆ ಇಂಗುವ ನೀರಿಗಿಂತ ತೆಗೆಯುವ ನೀರು ಹೆಚ್ಚು. ಆಳದ ಬಂಡೆಯಲ್ಲಿ ಬಹುಕಾಲ ನಿಂತ ನೀರಿನಲ್ಲಿ ಕಲ್ಲಿನ ಫ್ಲೋರೈಡು ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಾದರೆ ಅದು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಯಾಗಿ, ದೊಡ್ಡವರ ಕೀಲುಗಳಲ್ಲಿ ನೋವಾಗಿ ಬರುತ್ತದೆ. ನೆಲದಡಿಯ ಲೆಕ್ಕವನ್ನು ನಾವು ಬರೆಯದಿದ್ದರೆ ಅದು ಮೈಮೇಲೆಯೇ ಬರೆದುಕೊಳ್ಳುತ್ತದೆ.

ಇಷ್ಟು ಹೇಳಿದಾಗ ರೈತ ಕೇಳುವ ಪ್ರಶ್ನೆಯೊಂದಿದೆ, ಅದು ನ್ಯಾಯವಾದ ಪ್ರಶ್ನೆ. "ಸ್ವಾಮಿ, ನಾನು ಬೋರು ಹಾಕಿಸದೆ ಏನು ಮಾಡಬೇಕು? ನದಿ ತಂದು ಕೊಟ್ಟಿದ್ದೀರಾ?" ಬೆಂಗಳೂರಿಗೆ ನೂರು ಕಿಲೋಮೀಟರಿನ ಆಚೆಯಿಂದ ಕಾವೇರಿಯನ್ನು ಬೆಟ್ಟ ಹತ್ತಿಸಿ ತರಲಾಯಿತು. ಅದೇ ಬೆಂಗಳೂರಿನ ತಟ್ಟೆಗೆ ಟೊಮೇಟೊ, ಬೀನ್ಸು, ಕ್ಯಾರೆಟ್ಟು ಬೆಳೆದು ಕಳುಹಿಸುವ ಸೀಮೆಗೆ 2018ರಿಂದ ಈಚೆಗೆ ದೊರೆತದ್ದು, ಅಲ್ಲಿಯವರು ಬಳಸಿಬಿಟ್ಟ ನೀರನ್ನು ಎರಡು ಹಂತ ಶುದ್ಧಿಮಾಡಿ ಕೆರೆಗಳಿಗೆ ಬಿಟ್ಟದ್ದು. ಮೊದಲು ಕೋಲಾರದ ಕೆರೆಗಳಿಗೆ, ಆಮೇಲೆ ಚಿಕ್ಕಬಳ್ಳಾಪುರದ ಕೆರೆಗಳಿಗೆ. ಮೂರನೆಯ ಹಂತವೂ ಬೇಕೆಂದು ಇಲ್ಲಿಯವರು ಕೇಳುತ್ತಿದ್ದಾರೆ. ತರಕಾರಿ ಬುಟ್ಟಿಯೊಳಗೆ ಕೆಂಚಾರ್ಲಹಳ್ಳಿಯ ಕಡೆಯ ನೀರೂ ಪೇಟೆಗೆ ಹೋಗುತ್ತದೆ ಎಂಬುದನ್ನು ಕೊಳ್ಳುವವರು ಎಣಿಸುವುದಿಲ್ಲ. ಪೇಟೆಯಲ್ಲಿ ಕುಳಿತು ರೈತನಿಗೆ ಮಿತಿಯ ಪಾಠ ಹೇಳುವುದಕ್ಕೆ ಮೊದಲು ಇದನ್ನು ಎಣಿಸಬೇಕು. 2024ರ ಬೇಸಗೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಬತ್ತಿದವೆಂದು ಸರ್ಕಾರವೇ ಹೇಳಿತು. ಆಗ ಅಲ್ಲಿಯ ಬಹುಮಹಡಿ ಮನೆಗಳವರು ಆಡಿದ ಮಾತೂ ಅದೇ: 'ಬೋರು ಹೋಯಿತು.' ಅಲ್ಲಿಯೂ ಕರ್ತೃವಿರಲಿಲ್ಲ.

ಆದರೆ ರೈತನ ಪ್ರಶ್ನೆ ನ್ಯಾಯವಾದದ್ದೆಂದ ಮಾತ್ರಕ್ಕೆ ಉತ್ತರ ಮುಗಿಯಲಿಲ್ಲ. ಬೇರೆ ದಾರಿಯಿಲ್ಲದೆ ಮಾಡಿದ ಕೆಲಸಕ್ಕೆ ದೋಷವಿಲ್ಲದಿರಬಹುದು, ಪರಿಣಾಮವಿಲ್ಲದಿರುವುದಿಲ್ಲ. ನಮ್ಮ ಜನಪದರ 'ಕೆರೆಗೆ ಹಾರ' ಕಥನಗೀತದಲ್ಲಿ, ಕಟ್ಟಿದ ಕೆರೆಗೆ ನೀರು ಬಾರದಿದ್ದಾಗ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುತ್ತಾರೆ. ಘೋರವಾದ ಕಥೆ. ಆದರೂ ಬಲಿಯಾದವಳಿಗೆ ಅಲ್ಲಿ ಒಂದು ಹೆಸರಿದೆ, ಅವಳಿಗಾಗಿ ಅಳುವವರಿದ್ದಾರೆ. ನಮ್ಮ ಆಳದ ಬೋರುಗಳಿಗೆ ಬಲಿಯಾಗುತ್ತಿರುವವರು ಇನ್ನೂ ಹುಟ್ಟಿಲ್ಲ. ಹೆಸರಿಲ್ಲದವರಿಗಾಗಿ ಅಳುವುದು ಕಷ್ಟ. ಋಣವೆಂಬುದು ನಿಜವಾಗಿ ಪರೀಕ್ಷೆಗೆ ಬರುವುದು ಅಂಥವರ ವಿಷಯದಲ್ಲಿಯೇ.

ದೊಡ್ಡ ಋಣದ ಮಾತು ಹಾಗಿರಲಿ, ಚಿಕ್ಕ ಋಣವೊಂದನ್ನು ನೋಡೋಣ. ಬೋರು ಫೇಲಾದರೆ ಅದರ ಕೇಸಿಂಗನ್ನು ಮೇಲೆಳೆದು ಇನ್ನೊಂದಕ್ಕೆ ಹಾಕುವುದುಂಟು. ಉಳಿಯುವುದು ಆರೂವರೆ ಅಂಗುಲ ಅಗಲದ ಬರಿಯ ತೂತು, ಬಾಯಿ ಸವೆದಂತೆ ಇನ್ನೂ ಅಗಲವಾಗುವುದು. 2024ರ ಏಪ್ರಿಲ್ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಮಗುವೊಂದು ಅಂಥ ಬೋರಿನೊಳಗೆ ತಲೆಕೆಳಗಾಗಿ ಬಿತ್ತು. ಸುಮಾರು ಇಪ್ಪತ್ತು ಗಂಟೆಗಳ ಕಾಲ ಪಕ್ಕದಲ್ಲಿ ನೆಲ ತೋಡಿ ಅದನ್ನು ಜೀವಸಹಿತ ತೆಗೆದರು. ಎಲ್ಲ ಮಕ್ಕಳಿಗೂ ಆ ಭಾಗ್ಯವಿರಲಿಲ್ಲ. ಬಿಟ್ಟ ಬೋರನ್ನು ತಳದಿಂದ ಮೇಲಿನವರೆಗೆ ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ವಿಧಿಸಿದೆ. ಒಂದು ಗಾಡಿ ಮಣ್ಣು, ಒಂದು ಹೊತ್ತಿನ ಕೆಲಸ. ಅದು ಏಕೆ ಆಗುವುದಿಲ್ಲ? ಮಾಡುವವರು ಕೆಟ್ಟವರೆಂದಲ್ಲ. ನೀರು ಬಾರದ ಬೋರು ಅವರ ಮನಸ್ಸಿನಿಂದ ಆಗಲೇ ಅಳಿಸಿಹೋಗಿರುತ್ತದೆ. ಬಾವಿ ಬತ್ತಿದರೂ ಊರಿಗೆ ಅದು ಬಾವಿಯಾಗಿ ಕಾಣುತ್ತಲೇ ಇರುತ್ತಿತ್ತು. ಬೋರು ಬತ್ತಿದರೆ ಏನೂ ಇಲ್ಲ, ಬರಿಯ ಬಯಲು. ಕಾಣದ್ದನ್ನು ನೆನಪಿನಲ್ಲಿಡುವುದೇ ಇಲ್ಲಿ ಬೇಕಾದ ಧರ್ಮ. ಮಣ್ಣು ಮುಚ್ಚುವುದು ಅದರ ಮೊದಲ ಅಕ್ಷರ.

ಕಾಯಿದೆ ಇಲ್ಲವೆಂದಲ್ಲ. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರಿನೊಳಗೆ ಅಪ್ಪಣೆಯಿಲ್ಲದೆ ಬಾವಿ ತೋಡಬಾರದೆಂದು 1999ರ ರಾಜ್ಯ ಕಾಯಿದೆ ಹೇಳಿತು. ಗುರುತಿಸಿದ ಪ್ರದೇಶಗಳಲ್ಲಿ ಬೋರು ಹಾಕಿಸುವುದಕ್ಕೂ ಅನುಮತಿ ಬೇಕು, ರಿಗ್ಗಿಗೂ ನೋಂದಣಿ ಬೇಕೆಂದು 2011ರ ಕಾಯಿದೆ ಹೇಳಿತು. ಆದರೆ ರಾತ್ರಿ ಬಂದು ಬೆಳಗಿನೊಳಗೆ ಹೊರಟುಹೋಗುವ ಲಾರಿಯ ಹಿಂದೆ ಕಾಯಿದೆ ಎಷ್ಟು ದೂರ ಓಡೀತು? ಜನರ ಕಣ್ಣಿಗೆ ಕಾಣದ ತಪ್ಪನ್ನು ಕಾಗದ ಒಂದೇ ಕಾಣಲಾರದು.

ಹಾಗಾದರೆ ಕಾಣಿಸುವ ಬಗೆ ಯಾವುದು? ನಮ್ಮ ಗಡಿಯಾಚೆಯಲ್ಲಿಯೇ ಒಂದು ಉದಾಹರಣೆ ಇದೆ. ಈ ಶತಮಾನದ ಮೊದಲ ದಶಕದಲ್ಲಿ ಅನಂತಪುರ, ಚಿತ್ತೂರು, ಕಡಪ ಮುಂತಾಗಿ ಆಗಿನ ಆಂಧ್ರಪ್ರದೇಶದ ಏಳು ಬರದ ಜಿಲ್ಲೆಗಳಲ್ಲಿ ರೈತರೇ ಅಂತರ್ಜಲದ ಲೆಕ್ಕವಿಡುವ ಪ್ರಯೋಗವೊಂದು ನಡೆಯಿತು. ಹಳ್ಳಿಯ ಗಂಡಸರೂ ಹೆಂಗಸರೂ ಮಳೆಯನ್ನು ಅಳೆದರು. ಗೊತ್ತುಮಾಡಿದ ಬೋರುಗಳಿಗೆ ಅಳತೆಪಟ್ಟಿ ಇಳಿಸಿ ನೀರು ಎಷ್ಟು ಕೆಳಗಿದೆಯೆಂದು ನೋಡಿದರು. ಹಿಂಗಾರಿಗೆ ಮೊದಲು ಊರು ಸೇರಿ, ಈ ವರ್ಷ ಇಂಗಿದ್ದೆಷ್ಟು, ಬಿತ್ತಬೇಕೆಂದಿರುವ ಬೆಳೆಗೆ ಬೇಕಾದದ್ದೆಷ್ಟು ಎಂದು ಆಯವ್ಯಯ ಮಾಡಿದರು. ಯಾರ ಮೋಟಾರನ್ನೂ ಯಾರೂ ಕಿತ್ತುಹಾಕಲಿಲ್ಲ. ಲೆಕ್ಕ ನೋಡಿದ ಮೇಲೆ ಹಲವರು ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ತಾವಾಗಿ ತಿರುಗಿದರು. ಇದರಿಂದ ಎಲ್ಲ ಕಷ್ಟವೂ ಪರಿಹಾರವಾಯಿತೆಂದು ನಾನು ಹೇಳುತ್ತಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಬಾವಿಗೆ ಬಗ್ಗಿ ನೋಡುವ ಹಳೆಯ ಅಭ್ಯಾಸವನ್ನು ಅವರು ಅಳತೆಪಟ್ಟಿಯ ಮೂಲಕ ಮರಳಿ ತಂದುಕೊಂಡರು. ಹಾಗೆ ನೋಡಲು ಬಂದವರು ಮೈಲಿಗೆ ಕಾಯುವ ನಾಲ್ಕು ಜನವಲ್ಲ, ಲೆಕ್ಕ ಕಾಯುವ ಊರು. ಹಂಗು ಹಿಂದಿರುಗಲಿಲ್ಲ, ಋಣ ಹಿಂದಿರುಗಿತು.

ಹಳೆಯ ಬಾವಿಗೆ ನಾವು ಹಿಂದಿರುಗಲಾರೆವು, ಹಿಂದಿರುಗಬೇಕೆಂದೂ ಇಲ್ಲ. ಕಪಿಲೆಯ ಎತ್ತು, ಕಟ್ಟೆಯ ಮಡಿ ಎರಡೂ ಹೋದವು, ಹೋಗಲಿ. ಬೋರು ಇರುತ್ತದೆ. ಅದನ್ನು ಬಾವಿಯನ್ನಾಗಿ ಮಾಡುವ ಕೆಲಸ ಮಾತ್ರ ಬಾಕಿಯಿದೆ. ಜನರ ನಾಲಗೆ ಕೈಬಿಟ್ಟ ಆ ಎರಡನೆಯ ಪದವನ್ನು ಮತ್ತೆ ಸಂಪಾದಿಸಿಕೊಳ್ಳಬೇಕು. ಅದು ಯಂತ್ರದಿಂದ ಆಗುವುದಲ್ಲ, ವಾಕ್ಯದಿಂದ ಆರಂಭವಾಗಬಹುದು. 'ಬೋರು ಬತ್ತಿತು' ಎನ್ನುವ ಕಡೆಯಲ್ಲೆಲ್ಲ 'ನಾವು ಇಂಗಿದ್ದಕ್ಕಿಂತ ಹೆಚ್ಚು ತೆಗೆದೆವು' ಎಂದು ಹೇಳಿ ನೋಡೋಣ. ಕೇಳುವುದಕ್ಕೆ ಅಷ್ಟು ಹಿತವಾದ ವಾಕ್ಯವಲ್ಲ. ಆದರೆ ಅದರಲ್ಲಿ ಕರ್ತೃವಿದ್ದಾನೆ. ಕರ್ತೃ ಇರುವ ವಾಕ್ಯದಲ್ಲಿ ಮಾತ್ರ, ಮುಂದಿನ ವರ್ಷ ಏನು ಮಾಡುತ್ತೀರಿ ಎಂದು ಯಾರನ್ನಾದರೂ ಕೇಳಬಹುದು.